ಕುಂಜಿಬೆಟ್ಟಿನಿಂದ ಮಣಿಪಾಲಕ್ಕೆ ದಿನವೂ ಸೈಕಲ್: ಈ ಏರಿಗೆ ಯಾವ ಗೇರ್ ಹೊಂದುತ್ತದೆ?

ಕುಂಜಿಬೆಟ್ಟಿನ ಸವಾರೆ:

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯ ಕುಂಜಿಬೆಟ್ಟಿನಲ್ಲಿದ್ದು, ಮಣಿಪಾಲದ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತೇನೆ. ಕಳೆದ ಡಿಸೆಂಬರಿನಲ್ಲಿ ಸಿಟಿ ಬಸ್ಸು ಬಿಟ್ಟು ಸೈಕಲ್ ಹಿಡಿದೆ. ದೂರ ಹೆಚ್ಚಿಲ್ಲ, ಐದು ಕಿಲೋಮೀಟರಿನ ಒಳಗೇ ಇದೆ. ಆದರೆ ಇಂದ್ರಾಳಿಯ ರೈಲ್ವೆ ಸೇತುವೆ ದಾಟಿದ ಮೇಲೆ ಮಣಿಪಾಲದ ಗುಡ್ಡ ಹತ್ತಲೇಬೇಕು. ಮುಖ್ಯರಸ್ತೆಯ ಏರು ಉದ್ದವಾದರೂ ಹೇಗೋ ಸಾಗುತ್ತದೆ. ನಿಜವಾದ ಕಷ್ಟವಿರುವುದು ನಾನು ಕೊನೆಯಲ್ಲಿ ಹಿಡಿಯುವ ಒಳರಸ್ತೆಯ ಸುಮಾರು 120 ಮೀಟರ್ ಉದ್ದದ ಚಡಾವಿನಲ್ಲಿ. ಅಲ್ಲಿ ಸೀಟಿನಿಂದ ಎದ್ದು ನಿಂತು, ಇಡೀ ಮೈಭಾರವನ್ನು ಪೆಡಲಿನ ಮೇಲೆ ಹಾಕಿದರೂ ಸೈಕಲ್ ನಿಂತೇ ಬಿಡುವಂತಾಗುತ್ತದೆ. ಎರಡು ವಾರಗಳಿಂದ ಬಲ ಮಂಡಿಯ ಚಿಪ್ಪಿನ ಸುತ್ತ ನೋವು ಕಾಣಿಸಿಕೊಂಡಿದೆ.

ನನ್ನ ಸೈಕಲಿಗೆ ಮುಂದೆ 42 ಹಲ್ಲಿನ ಒಂದೇ ಚಕ್ರ, ಹಿಂದೆ 14ರಿಂದ 28 ಹಲ್ಲಿನವರೆಗೆ ಏಳು ಗೇರುಗಳಿವೆ. ಟೈರ್ 700 ಇಂಟು 32ರದು. ಕೊಳ್ಳುವಾಗ ಅಂಗಡಿಯವರು ಏಳು ಗೇರ್ ಧಾರಾಳವಾಯಿತು ಎಂದಿದ್ದರು. ಈಗ ಇನ್ನೊಂದು ಅಂಗಡಿಯವರು ಇದನ್ನು ಮಾರಿ 21 ಗೇರಿನದನ್ನು ಕೊಳ್ಳಿ ಎನ್ನುತ್ತಿದ್ದಾರೆ. ಸೈಕಲನ್ನೇ ಬದಲಿಸಬೇಕೇ, ಅಥವಾ ಇದರಲ್ಲೇ ಏನಾದರೂ ಮಾಡಬಹುದೇ? ಮಳೆಗಾಲ ಹಿಡಿಯುವುದರೊಳಗೆ ತೀರ್ಮಾನಿಸಬೇಕೆಂದಿದ್ದೇನೆ.

ಹಳೆಯ ಮೆಕ್ಯಾನಿಕ್, ಮಂಗಳೂರು:

ಮೊದಲು ಮಂಡಿಯ ವಿಚಾರ ನೋಡೋಣ. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಅದನ್ನು ಪೂರ್ತಿ ಕೆಳಗೆ ತನ್ನಿ. ಆಗ ಕಾಲು ನೆಟ್ಟಗಾಗಬೇಕು. ಮಂಡಿ ಬಾಗಿಯೇ ಉಳಿದರೆ ಸೀಟು ತಗ್ಗಿನಲ್ಲಿದೆ ಎಂದರ್ಥ. ನಮ್ಮಲ್ಲಿ ಎರಡು ಪಾದವೂ ನೆಲಕ್ಕೆ ಪೂರ್ತಿ ತಾಗಬೇಕೆಂದು ಸೀಟನ್ನು ಇಳಿಸಿಕೊಳ್ಳುವವರೇ ಹೆಚ್ಚು, ಮತ್ತು ಏರಿನಲ್ಲಿ ಮಂಡಿ ನೋಯುವುದಕ್ಕೆ ಅರ್ಧ ಕಾರಣ ಅದೇ. ಇದನ್ನು ಸರಿಪಡಿಸಿದ ಮೇಲೂ ನೋವು ಉಳಿದರೆ ವೈದ್ಯರಿಗೆ ತೋರಿಸಿ.

ಇನ್ನು ಗೇರಿನ ಮಾತು. 21 ಎಂಬ ಸಂಖ್ಯೆಯಿಂದ ನಿಮಗೆ ಯಾವ ಪ್ರಯೋಜನವೂ ಇಲ್ಲ. ಮುಂದಿನ ಮೂರು ಚಕ್ರ ಮತ್ತು ಹಿಂದಿನ ಏಳು ಚಕ್ರಗಳನ್ನು ಗುಣಿಸಿದಾಗ ಬರುವ ಸಂಖ್ಯೆ ಅದು, ಅಷ್ಟೆ. ಅವುಗಳಲ್ಲಿ ಹಲವು ಒಂದನ್ನೊಂದು ಹೋಲುವಂಥವು. ಏರು ಹತ್ತುವವರು ಅಂಗಡಿಯಲ್ಲಿ ಕೇಳಬೇಕಾದದ್ದು ಎರಡೇ ಸಂಖ್ಯೆಗಳನ್ನು: ಮುಂದಿನ ಅತಿ ಚಿಕ್ಕ ಚಕ್ರಕ್ಕೆ ಎಷ್ಟು ಹಲ್ಲು, ಹಿಂದಿನ ಅತಿ ದೊಡ್ಡ ಚಕ್ರಕ್ಕೆ ಎಷ್ಟು ಹಲ್ಲು. ನಿಮ್ಮದು 42 ಮತ್ತು 28. ಸಮತಟ್ಟಾದ ಊರಿಗೆ ಮಾಡಿದ ಗೇರ್ ಅದು, ಕರಾವಳಿಯ ಮುರಕಲ್ಲಿನ ಗುಡ್ಡಗಳಿಗೆ ಹೇಳಿದ್ದಲ್ಲ.

ಭೌತಶಾಸ್ತ್ರದ ಮೇಷ್ಟ್ರು, ಕಾರ್ಕಳ:

ಮೆಕ್ಯಾನಿಕ್ ಅವರ ಮಾತು ಸರಿಯಾಗಿದೆ. ಅದನ್ನು ಲೆಕ್ಕಕ್ಕೆ ಇಳಿಸಿದರೆ ಊಹೆಯ ಅಗತ್ಯವೇ ಇರುವುದಿಲ್ಲ. ಮುಂದಿನ ಹಲ್ಲುಗಳನ್ನು ಹಿಂದಿನ ಹಲ್ಲುಗಳಿಂದ ಭಾಗಿಸಿ, ಬಂದದ್ದನ್ನು ಟೈರಿನ ಸುತ್ತಳತೆಯಿಂದ ಗುಣಿಸಿದರೆ, ಪೆಡಲನ್ನು ಒಂದು ಸುತ್ತು ತುಳಿದಾಗ ಸೈಕಲ್ ಎಷ್ಟು ಮುಂದೆ ಹೋಗುತ್ತದೆ ಎಂಬುದು ತಿಳಿಯುತ್ತದೆ. ನಿಮ್ಮ ಟೈರಿನ ಸುತ್ತಳತೆ ಸುಮಾರು 2.15 ಮೀಟರ್. ಹಾಗಾಗಿ ನಿಮ್ಮ ಅತಿ ಹಗುರ ಗೇರಿನಲ್ಲೂ ಒಂದು ಸುತ್ತಿಗೆ 3.2 ಮೀಟರ್ ಏರಬೇಕು.

ಎರಡು ಮಾಹಿತಿ ಬೇಕು. ಸವಾರರು, ಸೈಕಲ್, ಚೀಲ, ಬುತ್ತಿ ಎಲ್ಲ ಸೇರಿ ಒಟ್ಟು ತೂಕವೆಷ್ಟು? ಮತ್ತು ಆ ಚಡಾವಿನ ಕಡಿದು ಎಷ್ಟು? ಮೊಬೈಲ್ ತೋರಿಸುವ ಎತ್ತರವನ್ನು ಇಷ್ಟು ಚಿಕ್ಕ ದೂರಕ್ಕೆ ನಂಬಬೇಡಿ, ಅದರಲ್ಲಿ ಕೆಲವು ಮೀಟರುಗಳ ತಪ್ಪು ಸಾಮಾನ್ಯ. ಸರಿಯಾಗಿ ಒಂದು ಮೀಟರ್ ಉದ್ದದ ನೇರವಾದ ಕೋಲು ಮತ್ತು ಗಾರೆ ಮೇಸ್ತ್ರಿಗಳ ರಸಮಟ್ಟವನ್ನು ತೆಗೆದುಕೊಳ್ಳಿ. ಕೋಲಿನ ಮೇಲಿನ ತುದಿಯನ್ನು ರಸ್ತೆಗೆ ತಾಗಿಸಿ, ಕೆಳಗಿನ ತುದಿಯನ್ನು ರಸಮಟ್ಟದ ಗುಳ್ಳೆ ನಡುವೆ ನಿಲ್ಲುವವರೆಗೆ ಎತ್ತಿ ಹಿಡಿದು, ಆ ತುದಿಗೂ ರಸ್ತೆಗೂ ನಡುವಿನ ಅಂತರವನ್ನು ಅಳೆಯಿರಿ. ಎಷ್ಟು ಸೆಂಟಿಮೀಟರ್ ಇದೆಯೋ ಏರು ಶೇಕಡಾ ಅಷ್ಟು.

ಕುಂಜಿಬೆಟ್ಟಿನ ಸವಾರೆ:

ಮೇಷ್ಟ್ರೇ, ಭಾನುವಾರ ಬೆಳಿಗ್ಗೆ ವಾಹನಗಳಿಲ್ಲದ ಹೊತ್ತಿನಲ್ಲಿ ತಮ್ಮನನ್ನು ಕರೆದುಕೊಂಡು ಹೋಗಿ ಅಳೆದೆ. ಒಳರಸ್ತೆಯಲ್ಲಿ ಆರು ಕಡೆ ಕೋಲಿಟ್ಟೆವು. ಹೆಚ್ಚಿನ ಕಡೆ 8 ಸೆಂಟಿಮೀಟರ್ ಬಂತು. ತಿರುವಿನ ಒಳಮಗ್ಗುಲಲ್ಲಿ 11 ಇದ್ದರೆ ಹೊರಮಗ್ಗುಲಲ್ಲಿ 7 ಮಾತ್ರ. ಇಷ್ಟು ದಿನ ನಾನು ಒಳಮಗ್ಗುಲನ್ನೇ ಹಿಡಿದು ಹೋಗುತ್ತಿದ್ದೆ. ಮುಖ್ಯರಸ್ತೆಯಲ್ಲಿ ನಾನು ಅಳೆದ ಜಾಗದಲ್ಲಿ 4 ಬಂತು. ಸೀಟು ನಿಜಕ್ಕೂ ತಗ್ಗಿನಲ್ಲಿತ್ತು, ಮೂರು ಬೆರಳಿನಷ್ಟು ಏರಿಸಿದ್ದೇನೆ. ಒಟ್ಟು ತೂಕ 80 ಕೆಜಿ.

ಭೌತಶಾಸ್ತ್ರದ ಮೇಷ್ಟ್ರು, ಕಾರ್ಕಳ:

ಬಹಳ ಅಚ್ಚುಕಟ್ಟಾಗಿ ಅಳೆದಿದ್ದೀರಿ. ಶೇ 8ರ ಏರಿನಲ್ಲಿ 80 ಕೆಜಿಯನ್ನು ಮೇಲಕ್ಕೆ ಒಯ್ಯಲು, ಟೈರಿನ ಉರುಳುವ ತಡೆಯನ್ನೂ ಸೇರಿಸಿಕೊಂಡರೆ, ಸುಮಾರು 69 ನ್ಯೂಟನ್ ಬಲ ಬೇಕು. ಈ ವೇಗದಲ್ಲಿ ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಕೆಲಸಕ್ಕೆ ಹೋಗುವಾಗ ಏದುಸಿರು ಬಿಡದೆ ತುಳಿಯಲು ನಿಮ್ಮಿಂದ 100 ವಾಟ್ ಸಾಧ್ಯ ಎಂದಿಟ್ಟುಕೊಳ್ಳೋಣ. ಆಗ ವೇಗ ಗಂಟೆಗೆ 5.2 ಕಿಲೋಮೀಟರ್. ಆ ವೇಗವನ್ನು ನಿಮ್ಮ ಈಗಿನ ಗೇರಿನಲ್ಲಿ ಪಡೆದರೆ ಪೆಡಲ್ ನಿಮಿಷಕ್ಕೆ ಸುತ್ತುವುದು 27 ಸಲ. ಅಂದರೆ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತಿಗೆ ಒಂದು ಸುತ್ತು. ಅದನ್ನು ತುಳಿಯುವುದು ಎನ್ನುವುದಕ್ಕಿಂತ ಮೆಟ್ಟಿಲು ಹತ್ತುವುದು ಎನ್ನಬಹುದು, ಪ್ರತಿ ಮೆಟ್ಟಿಲಿನ ಭಾರವನ್ನೂ ಮಂಡಿಯೇ ಹೊರುತ್ತದೆ. ಏರಿನಲ್ಲಿ 60 ಸುತ್ತಿನ ಆಸುಪಾಸಿನಲ್ಲಿದ್ದರೆ ಕಾಲಿಗೆ ಸುಖ.

ಇಲ್ಲಿ ಒಂದು ಸೂಕ್ಷ್ಮವಿದೆ. ಅರ್ಧ ಗಂಟೆಯ ಏರಾದರೆ 100 ವಾಟಿನ ಲೆಕ್ಕವನ್ನೇ ಹಿಡಿಯಬೇಕು. ನಿಮ್ಮದು 120 ಮೀಟರ್. ಒಂದು ನಿಮಿಷದ ಮಟ್ಟಿಗೆ ಹೆಚ್ಚಿನವರು 150 ವಾಟ್ ಕೊಡಬಲ್ಲರು, ಮೇಲೆ ತಲುಪಿದಾಗ ಉಸಿರು ಸ್ವಲ್ಪ ಏರಿರುತ್ತದೆ ಅಷ್ಟೆ. ಹಾಗೆ ನೋಡಿದರೆ ವೇಗ 7.8 ಕಿಲೋಮೀಟರ್, ಏರು ಮುಗಿಯಲು 55 ಸೆಕೆಂಡು.

ಮುಂದೆ 42 ಉಳಿಸಿಕೊಂಡು ಹಿಂದಿನದನ್ನು ಮಾತ್ರ 34 ಮಾಡಿದರೆ ಈ 150 ವಾಟಿನಲ್ಲಿ ನಿಮಿಷಕ್ಕೆ 49 ಸುತ್ತು. ಮುಂದೆಯೂ 32 ಮಾಡಿದರೆ 64 ಸುತ್ತು. ಮುಂದೆ 24, ಹಿಂದೆ 34 ಇದ್ದರೆ 100 ವಾಟಿನಲ್ಲೇ 57 ಸುತ್ತು ಸಿಗುತ್ತದೆ, ಅವಸರವೇ ಬೇಡ. ನನ್ನ ಅಭಿಪ್ರಾಯದಲ್ಲಿ ನಿಮ್ಮ ದಾರಿಗೆ 32 ಮತ್ತು 34 ಸಾಕು. ಅದೇ ವೇಗದಲ್ಲಿ ಹೋದರೂ ಪ್ರತಿ ತುಳಿತದ ಬಲ ಈಗಿರುವುದಕ್ಕಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ಇಳಿಯುತ್ತದೆ.

ವಾರಾಂತ್ಯದ ಸವಾರ, ನಿಟ್ಟೆ:

ನನ್ನದು ಬೇರೆ ಅಭಿಪ್ರಾಯ. ಮುಂದೆ 32 ಹಾಕಿಸಿಕೊಂಡರೆ ಸಮತಟ್ಟಿನಲ್ಲೂ ಇಳಿಜಾರಿನಲ್ಲೂ ಕಾಲು ಬರಿದೇ ಸುತ್ತುತ್ತಿರುತ್ತದೆ, ವೇಗ ಬರುವುದಿಲ್ಲ. ಎರಡು ತಿಂಗಳು ಈಗಿನ ಗೇರಿನಲ್ಲೇ ಹತ್ತಿದರೆ ಕಾಲಿಗೆ ಬಲ ಬರುತ್ತದೆ. ಹಗುರ ಗೇರಿಗೆ ಒಗ್ಗಿಕೊಂಡವರು ಅದನ್ನು ಬಿಟ್ಟು ಮುಂದೆ ಹೋಗಿದ್ದನ್ನು ನಾನು ಕಂಡಿಲ್ಲ.

ಭೌತಶಾಸ್ತ್ರದ ಮೇಷ್ಟ್ರು, ಕಾರ್ಕಳ:

ವೇಗದ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರವಿದೆ. 32 ಮತ್ತು 14ರಲ್ಲಿ ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 23.6 ಕಿಲೋಮೀಟರ್ ಬರುತ್ತದೆ. 42 ಇದ್ದಾಗ 31 ಬರುತ್ತಿತ್ತು. ಕಡಿಯಾಳಿ, ಇಂದ್ರಾಳಿಗಳ ವಾಹನ ಸಂದಣಿಯಲ್ಲಿ 31ರ ವೇಗವನ್ನು ಬಯಸುವವರು ಯಾರು? ಇಳಿಜಾರಿನಲ್ಲಿ ತುಳಿಯುವ ಅಗತ್ಯವೇ ಇಲ್ಲ, ಅಲ್ಲಿ ಬೇಕಾದದ್ದು ಬ್ರೇಕು.

ಕಾಲಿಗೆ ಬಲ ಬರುತ್ತದೆ ಎಂಬ ವಾದ ಸೈಕಲ್ ಲೋಕದಲ್ಲಿ ಬಹಳ ಹಳೆಯದು. ಫ್ರಾನ್ಸಿನ ಸೇಂಟ್ ಎಟಿಯೆನ್ ಎಂಬ ಗುಡ್ಡಗಾಡಿನ ಊರಿನ ಪಾಲ್ ದ ವಿವೀ, ವೆಲೋಸಿಯೋ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು, ಸೈಕಲಿಗೆ ಹಲವು ಗೇರುಗಳಿರಬೇಕೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಪಟ್ಟುಹಿಡಿದು ವಾದಿಸಿದರು. ಟೂರ್ ದ ಫ್ರಾನ್ಸ್ ಸ್ಪರ್ಧೆಯನ್ನು 1903ರಲ್ಲಿ ಆರಂಭಿಸಿದ ಆಂರಿ ದೆಗ್ರಾಂಜ್ ಮಾತ್ರ ಗೇರ್ ಎಂದರೆ ದುರ್ಬಲರ ಆಸರೆ ಎಂದೇ ನಂಬಿದ್ದರು. ಆ ಸ್ಪರ್ಧೆಯಲ್ಲಿ ಡಿರೈಲರ್ ಗೇರಿಗೆ, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಗೇರಿಗೆ, ಅನುಮತಿ ಸಿಕ್ಕಿದ್ದು 1937ರಲ್ಲಿ. ಇಂದು ಅದೇ ಸ್ಪರ್ಧೆಯ ಸವಾರರು ಆಲ್ಪ್ಸ್ ಹತ್ತುವಾಗ ಹಗುರ ಗೇರುಗಳನ್ನು ಯಾವ ಸಂಕೋಚವೂ ಇಲ್ಲದೆ ಬಳಸುತ್ತಾರೆ. ಕಾಲಿಗೆ ಬಲ ಬಂದವರು ಅದೇ ಹಗುರ ಗೇರಿನಲ್ಲಿ ಇನ್ನೂ ವೇಗವಾಗಿ ಹತ್ತುತ್ತಾರೆ. ನೋಯುವ ಮಂಡಿಯಲ್ಲಿ ಭಾರದ ಗೇರನ್ನು ತುಳಿಯುತ್ತ ಎರಡು ತಿಂಗಳು ಕಾಯಿರಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಮಡಿಕೇರಿಯ ನಿವಾಸಿ:

ಮಡಿಕೇರಿಯಲ್ಲಿ ಮನೆಯಿಂದ ಯಾವ ದಿಕ್ಕಿಗೆ ಹೊರಟರೂ ಒಂದೋ ಇಳಿಯಬೇಕು, ಇಲ್ಲವೇ ಹತ್ತಬೇಕು. ಹನ್ನೊಂದು ವರ್ಷಗಳಿಂದ ನಾನು ಮುಂದೆ 42, 34, 24 ಹಲ್ಲಿನ ಮೂರು ಚಕ್ರ, ಹಿಂದೆ 14ರಿಂದ 34ರ ಏಳು ಗೇರ್ ಇರುವ ಸೈಕಲನ್ನೇ ಬಳಸುತ್ತಿದ್ದೇನೆ. ಮುಂದಿನ ದೊಡ್ಡ ಚಕ್ರವನ್ನು ವರ್ಷಕ್ಕೆ ನಾಲ್ಕು ಸಲ ಮುಟ್ಟುತ್ತೇನೋ ಇಲ್ಲವೋ. ಆದರೆ 24ರ ಚಕ್ರ ಇಲ್ಲದಿದ್ದರೆ ಸಂತೆಯ ದಿನ ಹಿಂದಿನ ಕ್ಯಾರಿಯರಿನಲ್ಲಿ ಹನ್ನೆರಡು ಕೆಜಿ ತರಕಾರಿ ಕಟ್ಟಿಕೊಂಡು ಮನೆಗೆ ತಲುಪುವುದು ಸಾಧ್ಯವಿಲ್ಲ. ತೂಕ ದಿನಕ್ಕೊಂದು ಬಗೆಯಾಗಿರುವವರು ಲೆಕ್ಕಕ್ಕಿಂತ ಒಂದು ಗೇರ್ ಹಗುರವಾಗಿಯೇ ಇಟ್ಟುಕೊಳ್ಳಬೇಕೆಂಬುದು ನನ್ನ ಅನುಭವ. ಮೈ ಚೆನ್ನಾಗಿರುವ ದಿನದ ಬಲವನ್ನಲ್ಲ, ಜ್ವರ ಬಿಟ್ಟ ಮರುದಿನದ ಬಲವನ್ನು ಲೆಕ್ಕಕ್ಕೆ ಹಿಡಿಯಬೇಕು.

ಮೂರು ಚಕ್ರದ ತೊಂದರೆಯನ್ನೂ ಹೇಳಬೇಕು. ಏರಿನ ನಡುವೆ ಭಾರ ಹಾಕಿ ತುಳಿಯುತ್ತಿರುವಾಗ ಮುಂದಿನ ಚೈನ್ ಚಿಕ್ಕ ಚಕ್ರಕ್ಕೆ ಇಳಿಯದೆ ಸತಾಯಿಸುತ್ತದೆ, ಕೆಲವೊಮ್ಮೆ ಒಳಗೆ ಬಿದ್ದೂ ಬಿಡುತ್ತದೆ. ಏರು ಕಾಣುತ್ತಿದ್ದಂತೆ, ಕಾಲಿನ ಒತ್ತಡ ಸಡಿಲಿಸಿ, ಮೊದಲೇ ಇಳಿಸಿಕೊಳ್ಳುವ ಅಭ್ಯಾಸ ಬೇಕು. ಮುಂದೆ ಒಂದೇ ಚಕ್ರವಿದ್ದರೆ ಈ ಚಿಂತೆ ಇಲ್ಲ ಎಂಬುದನ್ನು ಒಪ್ಪುತ್ತೇನೆ.

ಸ್ಟುಟ್‌ಗಾರ್ಟ್ ಕನ್ನಡಿಗ:

ನಾನಿರುವ ಸ್ಟುಟ್‌ಗಾರ್ಟ್ ನಗರ ಬೋಗುಣಿಯಂಥ ತಗ್ಗಿನಲ್ಲಿದೆ, ಸುತ್ತಲೂ ಏರು. ಮರೀನ್‌ಪ್ಲಾಟ್ಸ್‌ನಿಂದ ಡೇಗರ್‌ಲೋಖ್‌ಗೆ ಎರಡು ಕಿಲೋಮೀಟರಿನಲ್ಲಿ ಸುಮಾರು 200 ಮೀಟರ್ ಹತ್ತಬೇಕು. ಅಲ್ಲಿ ಓಡುವ ಹಲ್ಲುಹಳಿಯ ರೈಲಿಗೆ ಸೈಕಲ್‌ಗಳನ್ನು ಮೇಲಕ್ಕೆ ಸಾಗಿಸಲೆಂದೇ ಒಂದು ತೆರೆದ ಬಂಡಿಯನ್ನು ಜೋಡಿಸಿರುತ್ತಾರೆ. ಆಯಾಸದ ದಿನ ನಾನೂ ಅದನ್ನೇ ಬಳಸುತ್ತೇನೆ.

ನನ್ನದು ಹಬ್ಬಿನೊಳಗೇ, ಅಂದರೆ ಹಿಂದಿನ ಚಕ್ರದ ನಡುಭಾಗದೊಳಗೇ, ಗೇರ್ ಇರುವ ಸೈಕಲ್, ಶಿಮಾನೊ ಕಂಪನಿಯ ನೆಕ್ಸಸ್ ಎಂಟು ಗೇರಿನದು. ಇದರ ದೊಡ್ಡ ಗುಣವೆಂದರೆ ನಿಂತಲ್ಲೇ ಗೇರ್ ಬದಲಿಸಬಹುದು. ಏರಿನ ನಡುವೆ ಸಿಗ್ನಲ್ ಬಿದ್ದು ಭಾರದ ಗೇರಿನಲ್ಲೇ ನಿಂತುಬಿಟ್ಟರೂ, ಹೊರಡುವ ಮೊದಲು ಹಗುರ ಗೇರಿಗೆ ಬರಬಹುದು. ಮಳೆ, ಕೆಸರು ಗೇರನ್ನು ಮುಟ್ಟುವುದಿಲ್ಲ. ಆದರೆ ಮುಂದೆ 40, ಹಿಂದೆ 20 ಹಲ್ಲು ಹಾಕಿದರೆ ಮೊದಲ ಗೇರಿನಲ್ಲಿ, ಹಬ್ಬಿನ ಒಳಗಿನ ಇಳಿಕೆಯೂ ಸೇರಿ, ಒಂದು ಸುತ್ತಿಗೆ 2.27 ಮೀಟರ್ ಬರುತ್ತದೆ. ಮೇಷ್ಟ್ರು ಹೇಳಿದ 32 ಮತ್ತು 34ರ ಜೋಡಿಯಲ್ಲಿ ಅದು 2.02 ಮೀಟರ್. ಇನ್ನೂ ಹಗುರ ಮಾಡಲು ಹೋದರೆ ತಯಾರಕರು ವಿಧಿಸಿದ ಮಿತಿ ದಾಟಿ ಒಳಗಿನ ಹಲ್ಲುಗಳಿಗೆ ಪೆಟ್ಟಾಗುವ ಭಯವಿದೆ. ಊರಿನಲ್ಲಿ ಇದನ್ನು ಬಿಚ್ಚಿ ಸರಿಪಡಿಸುವವರು ಹತ್ತಿರದಲ್ಲಿ ಸಿಗದಿದ್ದರೆ ನಾನು ಇದನ್ನು ಸೂಚಿಸುವುದಿಲ್ಲ. ಹಿಂದಿನ ಚಕ್ರ ಪಂಕ್ಚರ್ ಆದಾಗ ಬಿಚ್ಚುವುದೂ ಸ್ವಲ್ಪ ತಾಳ್ಮೆಯ ಕೆಲಸ.

ಹಳೆಯ ಮೆಕ್ಯಾನಿಕ್, ಮಂಗಳೂರು:

ಹಾಗಾದರೆ ಮುಂದೆ 32, ಹಿಂದೆ 14ರಿಂದ 34 ಎಂದು ಇಟ್ಟುಕೊಂಡು ಮುಂದುವರಿಯೋಣ. ಸೈಕಲ್ ಮಾರುವ ಅಗತ್ಯ ಖಂಡಿತ ಇಲ್ಲ. ಅಂಗಡಿಗೆ ಹೋಗುವ ಮೊದಲು ಕೆಲವು ಸಂಗತಿಗಳನ್ನು ನೀವೇ ನೋಡಿಕೊಳ್ಳಿ.

ಮುಂದಿನ ಹಲ್ಲುಚಕ್ರ ಕ್ರ್ಯಾಂಕಿಗೆ, ಅಂದರೆ ಪೆಡಲ್ ಕೂರುವ ತೋಳಿಗೆ, ಬೋಲ್ಟಿನಲ್ಲಿ ಕೂತಿದೆಯೋ, ರಿವೆಟ್ಟಿನಲ್ಲಿ ಕೂತಿದೆಯೋ ನೋಡಿ. ಬೋಲ್ಟ್ ಇದ್ದರೆ ಚಕ್ರವೊಂದನ್ನೇ ಬದಲಿಸಬಹುದು, ಆದರೆ ಬೋಲ್ಟುಗಳ ವೃತ್ತ ದೊಡ್ಡದಾಗಿದ್ದರೆ 32 ಹಲ್ಲಿನದು ಅದರಲ್ಲಿ ಕೂರುವುದಿಲ್ಲ. ರಿವೆಟ್ ಇದ್ದರೆ ಇಡೀ ಕ್ರ್ಯಾಂಕನ್ನೇ ಬದಲಿಸಬೇಕು. ಹಾಗೆ ಬದಲಿಸಿದಾಗ ಚೈನಿನ ಗೆರೆ ನೇರವಾಗಿದೆಯೇ, ಅಂದರೆ ಮುಂದಿನ ಚಕ್ರ ಹಿಂದಿನ ಏಳರ ನಡುವಿನ ಚಕ್ರಕ್ಕೆ ಸಮನಾಗಿ ನಿಂತಿದೆಯೇ ಎಂದು ಹಿಂದಿನಿಂದ ಬಗ್ಗಿ ನೋಡಿ.

ಹಿಂದಿನ ಡಿರೈಲರ್ 34 ಹಲ್ಲನ್ನು ತಡೆದುಕೊಳ್ಳುವಂಥದ್ದಾಗಿರಬೇಕು. 28ಕ್ಕೆಂದೇ ಮಾಡಿದ್ದಾದರೆ ಅದರ ಮೇಲಿನ ಗಾಲಿ ದೊಡ್ಡ ಚಕ್ರಕ್ಕೆ ಉಜ್ಜುತ್ತದೆ. ತಯಾರಕರ ವಿವರಪಟ್ಟಿಯಲ್ಲಿ ಈ ಮಿತಿಯನ್ನು ಬರೆದಿರುತ್ತಾರೆ. ಮಡಿಕೇರಿಯವರಂತೆ ಮೂರು ಚಕ್ರ ಹಾಕುವವರು ಇನ್ನೊಂದು ಲೆಕ್ಕವನ್ನೂ ಮಾಡಬೇಕು: ಮುಂದಿನ ದೊಡ್ಡದು ಮತ್ತು ಚಿಕ್ಕದರ ವ್ಯತ್ಯಾಸ 18, ಹಿಂದಿನದು 20, ಒಟ್ಟು 38 ಹಲ್ಲಿನ ಸಡಿಲವನ್ನು ಎಳೆದುಕೊಳ್ಳುವಷ್ಟು ಉದ್ದದ ತೋಳು ಆ ಡಿರೈಲರಿಗೆ ಇರಬೇಕು.

ಚೈನನ್ನು ಫ್ರೀವೀಲಿನ (ಹಿಂದಿನ ಏಳು ಹಲ್ಲುಚಕ್ರಗಳ ಗೊಂಚಲಿನ) ಜೊತೆಗೇ ಬದಲಿಸಿ, ಇದರಲ್ಲಿ ಉಳಿತಾಯ ನೋಡಬೇಡಿ. ಸವೆದು ಉದ್ದವಾದ ಚೈನ್ ಹೊಸ ಹಲ್ಲಿನ ಮೇಲೆ ಜಾರುತ್ತದೆ, ಅದೂ ನೀವು ಹೆಚ್ಚು ಬಲ ಹಾಕುವ ಏರಿನಲ್ಲೇ. ಆ ಗಳಿಗೆಯಲ್ಲಿ ಪೆಡಲ್ ಒಮ್ಮೆಲೇ ಸಡಿಲವಾಗಿ ಸವಾರರು ಮುಂದಿನ ಕೊಳವೆಯ ಮೇಲೆ ಬಿದ್ದು ಗಾಯ ಮಾಡಿಕೊಂಡದ್ದನ್ನು ನೋಡಿದ್ದೇನೆ. ಹೊಸ ಚೈನಿನ ಉದ್ದವನ್ನು ಹಳೆಯದಕ್ಕೆ ಹಿಡಿದು ಕತ್ತರಿಸಬಾರದು. ಹಿಂದಿನ 34ಕ್ಕೂ ಮುಂದಿನ 32ಕ್ಕೂ, ಡಿರೈಲರನ್ನು ಬಿಟ್ಟು, ಸುತ್ತಿ ನೋಡಿ, ಅದಕ್ಕೆ ಎರಡು ಕೊಂಡಿ ಹೆಚ್ಚು ಇಡಬೇಕು.

ಬ್ಯಾಟರಿ ಸೈಕಲಿನ ಬಗ್ಗೆಯೂ ಕೆಲವರು ನನಗೆ ಸಂದೇಶ ಕಳುಹಿಸಿದ್ದಾರೆ. ನಮ್ಮ ದೇಶದಲ್ಲಿ 250 ವಾಟಿನೊಳಗಿನ ಮೋಟಾರು, ಗಂಟೆಗೆ 25 ಕಿಲೋಮೀಟರ್ ಒಳಗಿನ ವೇಗ ಇದ್ದರೆ ನೋಂದಣಿ ಬೇಡ. ವಯಸ್ಸಾದವರಿಗೆ, ಉದ್ದದ ಏರಿರುವವರಿಗೆ ಅದು ಒಳ್ಳೆಯದೇ. ಈ 120 ಮೀಟರಿಗೆ ಅಷ್ಟು ಹಣ ಹಾಕಬೇಕಿಲ್ಲ.

ಕುಂಜಿಬೆಟ್ಟಿನ ಸವಾರೆ:

ಕೆಲಸ ಮುಗಿದು ಮೂರು ವಾರಗಳಾದವು, ಆದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ. ನನ್ನ ಕ್ರ್ಯಾಂಕ್ ರಿವೆಟ್ಟಿನದಾಗಿತ್ತು, ಹಾಗಾಗಿ ಇಡೀ ಕ್ರ್ಯಾಂಕ್ ಬದಲಾಯಿತು. ಡಿರೈಲರ್ ಮಾತ್ರ 34ಕ್ಕೆ ಹೊಂದುವಂಥದ್ದೇ ಇತ್ತು. ಕ್ರ್ಯಾಂಕ್, ಫ್ರೀವೀಲ್, ಚೈನ್, ಕೂಲಿ ಎಲ್ಲ ಸೇರಿ 2,300 ರೂಪಾಯಿ ಆಯಿತು.

ಹಳೆಯ ಫ್ರೀವೀಲ್ ಬಿಚ್ಚಿದ್ದನ್ನು ಮರೆಯಲಾರೆ. ಪ್ರತಿ ತುಳಿತಕ್ಕೂ ಅದು ಹಬ್ಬಿನ ಮೇಲೆ ಇನ್ನಷ್ಟು ಬಿಗಿಯಾಗುತ್ತ ಹೋಗುತ್ತದೆಯಂತೆ. ಐದು ತಿಂಗಳು ಆ ಚಡಾವಿನಲ್ಲಿ ನಾನು ಹಾಕಿದ ಬಲವೆಲ್ಲ ಅಲ್ಲಿ ಸೇರಿತ್ತು. ಉದ್ದದ ಸ್ಪ್ಯಾನರ್ ಹಾಕಿ ಇಬ್ಬರು ಒತ್ತಿದರೂ ಅಲುಗಲಿಲ್ಲ. ಕೊನೆಗೆ ಬಿಚ್ಚುವ ಉಪಕರಣವನ್ನು ಬೆಂಚ್ ವೈಸಿನಲ್ಲಿ ಮೇಲ್ಮುಖವಾಗಿ ಕಚ್ಚಿಸಿ, ಅದರ ಮೇಲೆ ಚಕ್ರವನ್ನು ಅಡ್ಡಲಾಗಿ ಕೂರಿಸಿ, ಬಸ್ಸಿನ ಸ್ಟಿಯರಿಂಗ್ ಹಿಡಿದಂತೆ ರಿಮ್ಮನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ತಿರುಗಿಸಿದರು. ಟಕ್ಕೆಂದು ಸದ್ದಾಗಿ ಅದು ಸಡಿಲಿತು. ಥ್ರೆಡ್ಡಿನ ಸಂದಿಯಲ್ಲಿ ಕೆಂಪು ಧೂಳು ಜಿಡ್ಡಿನೊಂದಿಗೆ ಕಲೆತು ಸುಣ್ಣದ ಗಾರೆಯಂತೆ ಗಟ್ಟಿಯಾಗಿತ್ತು. ಹೊಸದನ್ನು ಹಾಕುವಾಗ ಥ್ರೆಡ್ಡಿಗೆ ಗ್ರೀಸ್ ಬಳಿಸಿದ್ದೇನೆ.

ಮರುದಿನ ಆ ಏರನ್ನು ಕುಳಿತೇ ಹತ್ತಿದೆ. ತಿರುವಿನಲ್ಲಿ ಹೊರಮಗ್ಗುಲು ಹಿಡಿದೆ. ಎದುರಿನಿಂದ ಹಾಲಿನ ವ್ಯಾನ್ ಬಂದಾಗ ಒಮ್ಮೆ ನಿಲ್ಲಿಸಬೇಕಾಯಿತು. ಅದು ಹೋದ ಮೇಲೆ ಏರಿನ ನಡುವಿನಿಂದಲೇ ಮತ್ತೆ ಹೊರಡಲು ಸಾಧ್ಯವಾಯಿತು, ಮೊದಲು ಹಾಗಾದಾಗ ಮೇಲಿನವರೆಗೂ ತಳ್ಳಿಕೊಂಡೇ ಹೋಗುತ್ತಿದ್ದೆ. ಮಂಡಿಯ ನೋವು ಎರಡನೆಯ ವಾರದಲ್ಲಿ ಬಿಟ್ಟಿತು. ಸೀಟಿನಿಂದ ಎಷ್ಟು, ಗೇರಿನಿಂದ ಎಷ್ಟು ಎಂದು ಬೇರ್ಪಡಿಸಿ ಹೇಳಲಾರೆ.

ಒಂದೇ ಕೊರತೆ ಕಾಣುತ್ತಿದೆ. ಶೇ 4ರ ಮುಖ್ಯರಸ್ತೆಯಲ್ಲಿ 24 ಹಲ್ಲಿನಲ್ಲಿ ಸ್ವಲ್ಪ ಭಾರವೆನಿಸುತ್ತದೆ, ಅದರ ನಂತರದ 34ಕ್ಕೆ ಹೋದರೆ ಕಾಲು ಒಮ್ಮೆಲೇ ಹಗುರಾಗಿ ಬೇಗಬೇಗ ಸುತ್ತಬೇಕಾಗುತ್ತದೆ. ಇದಕ್ಕೆ ಪರಿಹಾರವಿದೆಯೇ ಅಣ್ಣ?

ಹಳೆಯ ಮೆಕ್ಯಾನಿಕ್, ಮಂಗಳೂರು:

ನಿಮ್ಮ ಫ್ರೀವೀಲಿನ ಹಲ್ಲುಗಳು 14, 16, 18, 20, 22, 24, ಆಮೇಲೆ ನೇರವಾಗಿ 34. ಕೊನೆಯದು ಕಡಿದಾದ ಏರಿಗೆಂದು ಪ್ರತ್ಯೇಕವಾಗಿ ಇಟ್ಟ ಗೇರ್, ನಡುವಿನ ಮೆಟ್ಟಿಲನ್ನು ಅಲ್ಲಿ ಬಿಟ್ಟಿದ್ದಾರೆ. ಶೇ 4ರಲ್ಲಿ 100 ವಾಟಿನಲ್ಲಿ ಹೋದರೆ 24ರಲ್ಲಿ ನಿಮಿಷಕ್ಕೆ 55 ಸುತ್ತು, 34ರಲ್ಲಿ 78 ಸುತ್ತು ಬರುತ್ತದೆಂದು ಮೇಷ್ಟ್ರ ಲೆಕ್ಕದಂತೆಯೇ ಕೂಡಿ ನೋಡಿದೆ. ನಿಮಗೆ ಅನಿಸಿದ್ದು ಸರಿಯೇ. 78 ಎಂಬುದು ಹೆಚ್ಚಲ್ಲ, ಒಂದು ತಿಂಗಳು ಅದರಲ್ಲೇ ತುಳಿದು ನೋಡಿ, ಕಾಲು ಒಗ್ಗುತ್ತದೆ. ಒಗ್ಗದಿದ್ದರೆ ಮುಂದೆಂದಾದರೂ ಹಿಂದಿನ ಇಡೀ ಚಕ್ರವನ್ನೇ ಬದಲಿಸುವ ಸಂದರ್ಭ ಬಂದಾಗ ಕ್ಯಾಸೆಟ್ (ಹಬ್ಬಿಗೆ ತಿರುಗಿಸದೆ ಜಾರಿಸಿ ಕೂರಿಸುವ ಹಲ್ಲುಚಕ್ರಗಳ ಗೊಂಚಲು) ಕೂರುವ ಹಬ್ಬಿನದನ್ನು ತೆಗೆದುಕೊಂಡು, ಎಂಟು ಗೇರಿನ 11ರಿಂದ 32ರ ಕ್ಯಾಸೆಟ್ ಹಾಕಿಸಿ. ಅದರಲ್ಲಿ 21, 24, 28, 32 ಎಂದು ಮೆಟ್ಟಿಲುಗಳು ಸಮವಾಗಿವೆ. ಆಗ ಗೇರ್ ಬದಲಿಸುವ ಲಿವರನ್ನೂ ಎಂಟರದ್ದಾಗಿ ಬದಲಿಸಬೇಕಾಗುತ್ತದೆ. ಆ ಹಬ್ಬಿನಲ್ಲಿ ಬಲಗಡೆಯ ಬೇರಿಂಗ್ ಅಂಚಿಗೆ ಹತ್ತಿರವಿರುವುದರಿಂದ ಆಕ್ಸಲ್ ಬಾಗುವ ತೊಂದರೆಯೂ ಕಡಿಮೆ.

ಮಳೆ ಶುರುವಾದ ಮೇಲೆ ಚೈನಿಗೆ ತೆಂಗಿನೆಣ್ಣೆ ಹಾಕಬೇಡಿ, ಅಂಟಾಗಿ ಕೆಂಪು ಮಣ್ಣನ್ನೆಲ್ಲ ಹಿಡಿದುಕೊಳ್ಳುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದೇ ಮಳೆಗೆ ತೊಳೆದುಹೋಗುತ್ತದೆ. ಮಳೆಗಾಲಕ್ಕೆಂದೇ ಸಿಗುವ ಚೈನ್ ಎಣ್ಣೆಯನ್ನು ಕೊಂಡಿಗೆ ಒಂದು ಹನಿಯಂತೆ ಬಿಟ್ಟು, ಹೊರಗೆ ಉಳಿದದ್ದನ್ನು ಬಟ್ಟೆಯಲ್ಲಿ ಒರೆಸಿ. ಸೆಪ್ಟೆಂಬರಿನಲ್ಲಿ ಚೈನಿನ ಮೇಲೆ ಸ್ಕೇಲ್ ಇಟ್ಟು ಒಂದು ಪಿನ್ನಿನಿಂದ ಅದರ ನಂತರದ 24ನೆಯ ಪಿನ್ನಿನವರೆಗಿನ ಅಂತರ ನೋಡಿ. ಹೊಸತರಲ್ಲಿ ಅದು ಸರಿಯಾಗಿ 12 ಇಂಚು ಇರುತ್ತದೆ. ಒಂದು ಇಂಚಿನ ಹದಿನಾರನೇ ಒಂದು ಭಾಗದಷ್ಟು ಹೆಚ್ಚಾಗಿದ್ದರೆ ಚೈನನ್ನು ಆಗಲೇ ಬದಲಿಸಿಬಿಡಿ, ಫ್ರೀವೀಲ್ ಉಳಿಯುತ್ತದೆ.

ಕುಂಜಿಬೆಟ್ಟಿನ ಸವಾರೆ:

ಧನ್ಯವಾದಗಳು ಅಣ್ಣ. ಈಗಲೇ ಅಳೆದೆ, ಸರಿಯಾಗಿ 12 ಇಂಚು ಇದೆ. ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ.